ಆಡು ಕೊಡಿಸುವ ಮೊದಲು ಸಾಲದ ಪಟ್ಟಿ: ಮಹಿಳಾ ಸಂಘಗಳ ಕೆಲಸದಲ್ಲಿ ನನ್ನ ಅನುಭವ

ಬಡತನ ನಿವಾರಣೆಯ ಹೆಸರಲ್ಲಿ ಹಳ್ಳಿಗೆ ಬರುವ ಬಹುತೇಕ ಯೋಜನೆಗಳು ಆಡು, ಎಮ್ಮೆ, ಹೊಲಿಗೆ ಯಂತ್ರದಿಂದ ಶುರುವಾಗುತ್ತವೆ. ರಾಯಚೂರು, ಕೊಪ್ಪಳ, ಯಾದಗಿರಿ ಕಡೆಯ ಮಹಿಳಾ ಸ್ವಸಹಾಯ ಸಂಘಗಳಲ್ಲಿ ನಾವು ಶುರು ಮಾಡುವುದು ಪ್ರತಿ ಮನೆಯ ಸಾಲದ ಪಟ್ಟಿಯಿಂದ. ನೂರಕ್ಕೆ ತಿಂಗಳಿಗೆ 4 ರೂಪಾಯಿ ಬಡ್ಡಿ ಕಟ್ಟುತ್ತಿರುವ ಮನೆಗೆ ಎರಡು ಆಡು ಕೊಟ್ಟರೆ ಆ ಆಡು ಬಡ್ಡಿಗಾಗಿ ಸಂತೆ ಸೇರುತ್ತದೆ, ಅಷ್ಟೇ. ಸಂಘ ಕಟ್ಟುವುದು, ಲೆಕ್ಕ ಬರೆಯುವುದು, ಬ್ಯಾಂಕಿಗೆ ಹೋಗುವುದು, ಕಸುಬು ಹಿಡಿಯುವುದು ಎಲ್ಲವನ್ನೂ ಈ ಒಂದು ತಿಳಿವಳಿಕೆಯ ಮೇಲೆ ಹೇಗೆ ಜೋಡಿಸಿಕೊಂಡೆವು ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಹಿನ್ನೆಲೆ ಎರಡು ಮಾತಲ್ಲಿ. 2002ರಲ್ಲಿ ವರದಿ ಕೊಟ್ಟ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿತು. ಅದರಲ್ಲಿ ಅತ್ಯಂತ ಹಿಂದುಳಿದವು 39, ಅರ್ಧಕ್ಕಿಂತ ಹೆಚ್ಚು ಆಗಿನ ಗುಲಬರ್ಗಾ ವಿಭಾಗದಲ್ಲೇ ಇದ್ದವು. ನೀತಿ ಆಯೋಗದ 2023ರ ವರದಿಯಲ್ಲಿ ಕರ್ನಾಟಕದ ಬಹು ಆಯಾಮದ ಬಡತನ (ಆರೋಗ್ಯ, ಶಿಕ್ಷಣ, ಜೀವನಮಟ್ಟ ನೋಡಿ ಅಳೆಯುವುದು) ಶೇ 7.58. ರಾಜ್ಯದ ಸರಾಸರಿ ಚೆನ್ನಾಗಿ ಕಾಣುತ್ತದೆ, ಆದರೆ ಯಾದಗಿರಿಯಲ್ಲಿ ನಿಂತು ನೋಡಿದರೆ ಆ ಅಂಕಿಗೆ ಅರ್ಥವಿಲ್ಲ. ಸಂಘಗಳೇನೂ ಹೊಸವಲ್ಲ. 1980ರ ದಶಕದಲ್ಲೇ ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆ ಇಂಥ ಗುಂಪುಗಳನ್ನು ಕಟ್ಟಿತ್ತು, 1992ರಲ್ಲಿ ಗ್ರಾಮೀಣ ಅಭಿವೃದ್ಧಿ ಬ್ಯಾಂಕಾದ ನಬಾರ್ಡ್ 500 ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಶುರು ಮಾಡಿತು, 2000ದಲ್ಲಿ ರಾಜ್ಯ ಸರ್ಕಾರದ ಸ್ತ್ರೀಶಕ್ತಿ ಯೋಜನೆ ಬಂತು, 2011ರ ನಂತರ ಗ್ರಾಮೀಣ ಜೀವನೋಪಾಯದ ಸಂಜೀವಿನಿ. ಯೋಜನೆಯ ಹೆಸರು ಬದಲಾದರೂ ಕೆಲಸದ ಮೂಳೆ ಅದೇ.

ಮೊದಲನೆಯದು, ಯಾರನ್ನು ಸೇರಿಸಬೇಕು ಎಂಬುದು. ಸರ್ಕಾರಿ ಪಟ್ಟಿ ಕೈಯಲ್ಲಿರಲಿ, ಆದರೆ ಅದೊಂದನ್ನೇ ನೆಚ್ಚಬೇಡಿ. ಗುಡಿ ಮುಂದೆಯೋ ಸಮುದಾಯ ಭವನದ ಅಂಗಳದಲ್ಲೋ ರಂಗೋಲಿ ಪುಡಿಯಲ್ಲಿ ಊರಿನ ನಕ್ಷೆ ಬಿಡಿಸಿ, ಮನೆ ಮನೆಯನ್ನೂ ಊರವರಿಂದಲೇ ಗುರುತು ಹಾಕಿಸಬೇಕು. ಇಲ್ಲಿ ಕೆಡುವುದು ಕಾಲ ಮತ್ತು ಜಾಗದಿಂದ. ಸುಗ್ಗಿ ಮುಗಿದ ಮೇಲೆ ನಕ್ಷೆ ಹಾಕಿದರೆ ಗುಳೆ ಹೋದವರ ಮನೆಗೆ ಬೀಗ ಬಿದ್ದಿರುತ್ತದೆ. ಅತಿ ಬಡವರೇ ಪಟ್ಟಿಯಿಂದ ತಪ್ಪಿಹೋಗುತ್ತಾರೆ. ಯುಗಾದಿಗೆ ಊರಿಗೆ ಮರಳಿದವರು ಮುಂಗಾರು ಬಿತ್ತನೆ ಮುಗಿಯುವ ತನಕ ಸಿಗುತ್ತಾರೆ, ಆ ಅವಧಿ ಸರಿ. ಮಧ್ಯಾಹ್ನ ಊರ ನಡುವೆ ಸಭೆ ಕರೆದರೆ ದೊಡ್ಡ ಮನೆಯವರೇ ಪುಡಿ ಹಿಡಿದು ಕೂರುತ್ತಾರೆ, ಆದ್ದರಿಂದ ದಲಿತರ ಓಣಿಯ ನಕ್ಷೆಯನ್ನು ಅದೇ ಓಣಿಯಲ್ಲಿ ಬಿಡಿಸಬೇಕು. ಮಾಜಿ ದೇವದಾಸಿಯರು, ಗಂಡ ಬಿಟ್ಟವರು, ಅಂಗವಿಕಲರಿರುವ ಮನೆಗಳು ಇವರನ್ನು ಬೇರೆಯಾಗಿ ಕೇಳಿಯೇ ಬರೆಸಬೇಕು, ತಾವಾಗಿ ಯಾರೂ ಹೇಳುವುದಿಲ್ಲ.

ಸಂಘಕ್ಕೆ 10ರಿಂದ 20 ಸದಸ್ಯೆಯರು ಎಂದು ನಿಯಮ. ನನ್ನ ಲೆಕ್ಕದಲ್ಲಿ 12 ಹದವಾದ ಸಂಖ್ಯೆ. ಹದಿನೈದು ದಾಟಿದರೆ ವಾರದ ಸಭೆ ಒಂದೂವರೆ ಗಂಟೆ ಎಳೆಯುತ್ತದೆ, ಎಂಟೇ ಇದ್ದರೆ ಉಳಿತಾಯ ಸಾಲುವುದಿಲ್ಲ. ಒಂದೇ ಓಣಿಯವರಿರಲಿ, ಒಂದೇ ಮನೆಯವರು ಬೇಡ. ಅತ್ತೆ ಸೊಸೆ ಒಂದೇ ಸಂಘದಲ್ಲಿದ್ದರೆ ಸೊಸೆ ಬಾಯಿ ಬಿಡುವುದಿಲ್ಲ, ಸಾಲ ಎರಡು ಹೆಸರಲ್ಲಿ ಒಂದೇ ಮನೆ ಸೇರುತ್ತದೆ. ಸಭೆ ವಾರಕ್ಕೊಮ್ಮೆ, ರೊಟ್ಟಿ ಬಡಿದು ಮುಗಿದ ಮೇಲೆ, ಸಂಜೆ 7ರ ಸುಮಾರಿಗೆ. ತಿಂಗಳಿಗೊಮ್ಮೆ ಸೇರುವ ಸಂಘ ಬಾಳುವುದಿಲ್ಲ. ಕೂಲಿಯವಳ ಕೈಗೆ ದುಡ್ಡು ವಾರಕ್ಕೊಮ್ಮೆ ಬರುತ್ತದೆ, ತಿಂಗಳ ಕೊನೆ ತನಕ ಉಳಿಯುವುದಿಲ್ಲ.

ಉಳಿತಾಯದ ಮೊತ್ತವನ್ನು ಅತ್ಯಂತ ಬಡ ಸದಸ್ಯೆ ಹೇಳಬೇಕು, ಉಳಿದವರು ಒಪ್ಪಬೇಕು. ವಾರಕ್ಕೆ 30 ರೂಪಾಯಿ ಎಂದುಕೊಳ್ಳಿ. ಗೃಹಲಕ್ಷ್ಮಿಯ 2,000 ಬರಲು ಶುರುವಾದ ಮೇಲೆ ಕೆಲವು ಸಂಘಗಳು ವಾರಕ್ಕೆ 100ಕ್ಕೆ ಏರಿಸಿದವು. ಹಣ ಖಾತೆಗೆ ಬರುವುದು ಒಂದೆರಡು ತಿಂಗಳು ತಡವಾದರೆ ಸಭೆಯ ಹಾಜರಿಯೇ ಕುಸಿಯುತ್ತದೆ. ಕಡ್ಡಾಯ ಉಳಿತಾಯ ಚಿಕ್ಕದಿರಲಿ, ಹೆಚ್ಚು ಇಡುವವರಿಗೆ ಪಾಸ್‌ಬುಕ್ಕಿನಲ್ಲಿ ಬೇರೆ ಕಾಲಂ ಇರಲಿ. ಕೂಡಿದ ಹಣವನ್ನು ಬ್ಯಾಂಕಿನಲ್ಲಿ ಮಲಗಿಸದೆ ಮೊದಲ ತಿಂಗಳಿನಿಂದಲೇ ಒಳಸಾಲವಾಗಿ ತಿರುಗಿಸಬೇಕು: ಆಸ್ಪತ್ರೆಗೆ 500, ಬೀಜಕ್ಕೆ 1,000. ಸಾಲ ಕೇಳುವುದು, ಕೊಡುವುದು, ವಸೂಲು ಮಾಡುವುದು ಈ ಮೂರನ್ನೂ ಸ್ವಂತ ದುಡ್ಡಿನಲ್ಲಿ ಅಭ್ಯಾಸ ಮಾಡದ ಸಂಘಕ್ಕೆ ಲಕ್ಷದ ಸಾಲ ಬಂದರೆ ಒಡೆಯುವುದು ಖಚಿತ.

ಪುಸ್ತಕಗಳು ನಾಲ್ಕು ಸಾಕು: ನಡಾವಳಿ, ನಗದು ಪುಸ್ತಕ, ಉಳಿತಾಯ-ಸಾಲದ ಲೆಡ್ಜರ್, ಸದಸ್ಯೆಯರ ಪಾಸ್‌ಬುಕ್. ಎಲ್ಲ ಸದಸ್ಯೆಯರ ಎದುರಿಗೆ, ಸಭೆ ನಡೆಯುವಾಗಲೇ ಬರೆಯಬೇಕು. ಮನೆಗೆ ಒಯ್ದು ಬರೆಯುವ ಪುಸ್ತಕವನ್ನು ನಾನು ನಂಬುವುದಿಲ್ಲ. ತಿಂಗಳಿಗೊಮ್ಮೆ ಒಂದು ತಾಳೆ ನೋಡಿದರೆ ಮುಕ್ಕಾಲು ಪಾಲು ಗೋಲ್‌ಮಾಲ್ ಹೊರಬೀಳುತ್ತದೆ. ಉದಾಹರಣೆಗೆ ಒಂದು ಸಂಘ. 12 ಜನ, ವಾರಕ್ಕೆ 30ರಂತೆ, 24 ವಾರ: ಉಳಿತಾಯ 8,640. ಒಳಸಾಲದಿಂದ ಬಂದ ಬಡ್ಡಿ 620. ಪುಸ್ತಕ, ಓಡಾಟದ ಖರ್ಚು 180. ಒಳಸಾಲವಾಗಿ ತಿರುಗಿಸಲು ಯೋಜನೆಯಿಂದ ಸಂಘಕ್ಕೆ ಸಿಗುವ ಸುತ್ತುನಿಧಿ 20,000 ಬಂದಿದೆ. ಸಂಘದ ಒಟ್ಟು ನಿಧಿ 29,080. ಈಗ ಹಣ ಎಲ್ಲಿದೆ ನೋಡಿ: ಸದಸ್ಯೆಯರ ಮೇಲೆ ಸಾಲ 24,500, ಬ್ಯಾಂಕಿನಲ್ಲಿ 4,200, ಪೆಟ್ಟಿಗೆಯಲ್ಲಿ 380. ಕೂಡಿದರೆ ಅದೇ 29,080. ಎರಡೂ ಕಡೆ ಕೂಡದಿದ್ದರೆ ಅಂದೇ, ಅಲ್ಲೇ ಹುಡುಕಬೇಕು. ಹೆಚ್ಚಾಗಿ ಸಿಗುವ ತಪ್ಪು ಎಂದರೆ ಬಡ್ಡಿಯನ್ನು ಅಸಲಿನಲ್ಲಿ ಜಮಾ ಮಾಡಿರುವುದು. ಇದು ಕೈತಪ್ಪು. ಕೂಡಿದರೂ ಅನುಮಾನ ಪಡಬೇಕಾದ ಇನ್ನೊಂದಿದೆ: ಒಂದೇ ದಿನ ಹಳೆ ಸಾಲ ತೀರಿ ಅದೇ ಮೊತ್ತದ ಹೊಸ ಸಾಲ ಬರೆದಿರುವುದು. ಅಲ್ಲಿ ರೊಕ್ಕ ಕೈ ಬದಲಾಗಿಲ್ಲ, ಕಾಗದದಲ್ಲಿ ಮಾತ್ರ ತಿರುಗಿದೆ.

ಈಗ ಸಾಲದ ಪಟ್ಟಿಗೆ ಬರೋಣ. ಬ್ಯಾಂಕ್ ಸಾಲಕ್ಕೆ ಮೊದಲು ಪ್ರತಿ ಮನೆಗೂ ಒಂದು ಹಾಳೆ. ಯಾರ ಬಳಿ, ಎಷ್ಟು ಅಸಲು, ನೂರಕ್ಕೆ ಎಷ್ಟು, ಕಂತು ವಾರಕ್ಕೋ ತಿಂಗಳಿಗೋ, ಅಡ ಇಟ್ಟದ್ದೇನು, ಯಾವ ತಿಂಗಳಲ್ಲಿ ಕಟ್ಟುವುದು ಕಷ್ಟ. ಕೇಳುವುದನ್ನು ಸಭೆಯಲ್ಲಿ ಮಾಡಬಾರದು, ಮನೆಯಲ್ಲಿ, ಒಬ್ಬ ನಂಬಿಕೆಯ ಸದಸ್ಯೆಯನ್ನು ಜೊತೆಗಿಟ್ಟುಕೊಂಡು ಕೇಳಬೇಕು. ‘ಸಾಲ ಎಷ್ಟೈತ್ರೀ’ ಎಂದರೆ ಉತ್ತರ ಬರುವುದಿಲ್ಲ. ‘ವಾರಕ್ಕೆ ಯಾರ್‍ಯಾರಿಗೆ ಕಟ್ತೀರಿ’ ಎಂದರೆ ಬರುತ್ತದೆ. ಜನ ಸಾಲವೆಂದೇ ಎಣಿಸದ ಎರಡು ಬಾಬ್ತುಗಳನ್ನು ನೆನಪಿಟ್ಟು ಕೇಳಬೇಕು. ಒಂದು ಕಿರಾಣಿ ಅಂಗಡಿಯ ಉದ್ರಿ. ಇನ್ನೊಂದು ಗುಳೆ ಕರೆದೊಯ್ಯುವ ಮೇಸ್ತ್ರಿ ಕೊಟ್ಟ ಮುಂಗಡ. ಮುಂಗಡಕ್ಕೆ ಬಡ್ಡಿ ಕಾಣುವುದಿಲ್ಲ, ಆದರೆ ಅದು ಕೂಲಿಯಲ್ಲಿ ಕಳೆದುಹೋಗುತ್ತದೆ, ಜೊತೆಗೆ ಆ ಮನೆಯ ಮಕ್ಕಳ ಶಾಲೆ ಅರ್ಧಕ್ಕೆ ನಿಲ್ಲುತ್ತದೆ.

ಲೆಕ್ಕ ಹೀಗೆ ಬೀಳುತ್ತದೆ. 30,000 ಕೈಗಡ, ನೂರಕ್ಕೆ 4. ತಿಂಗಳಿಗೆ ಬಡ್ಡಿ 1,200. ಮೂವತ್ತು ತಿಂಗಳು ಕಟ್ಟಿದರೆ 36,000 ಹೋಗುತ್ತದೆ, ಅಸಲು 30,000 ಹಾಗೇ ಕೂತಿರುತ್ತದೆ. ಅದನ್ನೇ ಸಂಘ ನೂರಕ್ಕೆ 1ರಂತೆ ಕೊಟ್ಟು, ತಿಂಗಳಿಗೆ 1,000 ಅಸಲು ಮತ್ತು ಉಳಿದ ಬಾಕಿಯ ಮೇಲೆ ಮಾತ್ರ ಬಡ್ಡಿ ತೆಗೆದುಕೊಂಡರೆ, ಮೊದಲ ತಿಂಗಳ ಕಂತು 1,300. ಇಷ್ಟು ದಿನ ಕಟ್ಟುತ್ತಿದ್ದಕ್ಕಿಂತ ನೂರೇ ರೂಪಾಯಿ ಹೆಚ್ಚು, ಅದೂ ತಿಂಗಳು ತಿಂಗಳಿಗೆ 10 ರೂಪಾಯಿ ಇಳಿಯುತ್ತ ಬರುತ್ತದೆ. ಮೂವತ್ತು ತಿಂಗಳಿಗೆ ಒಟ್ಟು ಬಡ್ಡಿ 4,650, ಸಾಲ ಮುಕ್ತಾಯ. ಆಡು ಸಾಕಿ ವರ್ಷಕ್ಕೆ ಹತ್ತು ಹನ್ನೆರಡು ಸಾವಿರ ಉಳಿಸುವುದು ಎಷ್ಟು ಕಷ್ಟ ಎಂದು ಗೊತ್ತಿರುವವರಿಗೆ ಈ ಲೆಕ್ಕದ ಬೆಲೆ ಗೊತ್ತು. ಇದಕ್ಕೆ ಮೇವು ಬೇಕಿಲ್ಲ, ಕೊಟ್ಟಿಗೆ ಬೇಕಿಲ್ಲ, ರೋಗವೂ ಬರುವುದಿಲ್ಲ.

ಆದರೆ ಹೀಗೆ ಕೈಗಡ ತೀರಿಸಲು ಸಂಘ ಕೊಡುವ ಬದಲಿ ಸಾಲದ ದುಡ್ಡನ್ನು ಸದಸ್ಯೆಯ ಕೈಗೆ ಕೊಟ್ಟು ಕಳಿಸಬಾರದು. ಇಬ್ಬರು ಸದಸ್ಯೆಯರು ಜೊತೆಗೆ ಹೋಗಿ, ಹಣ ಎಣಿಸಿ ಕೊಟ್ಟು, ಅಲ್ಲೇ ಬಾಂಡ್ ಕಾಗದ, ಖಾಲಿ ಚೆಕ್ಕು, ಬಂಗಾರ, ಹೊಲದ ಪಹಣಿ ಏನು ಕೊಟ್ಟಿದ್ದರೋ ಅದನ್ನು ವಾಪಸು ತರಬೇಕು, ನಡಾವಳಿಯಲ್ಲಿ ಬರೆಯಬೇಕು. ಕಾಗದ ಲೇವಾದೇವಿಯವರ ಬಳಿಯೇ ಉಳಿದರೆ ಸಾಲ ತೀರಿಲ್ಲ ಎಂದೇ ಲೆಕ್ಕ.

ಮೈಕ್ರೋಫೈನಾನ್ಸ್ ಸಾಲವಿದ್ದರೆ ಸ್ವಲ್ಪ ಬೇರೆ ದಾರಿ. ‘ವರ್ಷಕ್ಕೆ 12 ಪರ್ಸೆಂಟ್’ ಎಂದು ಬಾಯಲ್ಲಿ ಹೇಳಿ, ಪೂರ್ತಿ ಅಸಲಿನ ಮೇಲೆ ಬಡ್ಡಿ ಹಾಕುವವರಿದ್ದಾರೆ. 50,000ಕ್ಕೆ 6,000 ಬಡ್ಡಿ ಸೇರಿಸಿ 12 ಕಂತು ಮಾಡಿದರೆ ಕಂತು 4,667. ಅಸಲು ಕರಗುತ್ತ ಬರುವುದರಿಂದ ನಿಜವಾದ ದರ ಶೇ 21 ದಾಟುತ್ತದೆ. ಸಾಲದ ಕಾರ್ಡಿನಲ್ಲಿ ವಾರ್ಷಿಕ ನಿಜ ದರ ಮುದ್ರಿಸಿರುತ್ತಾರೆ, ಅದನ್ನು ಓದಿಸಬೇಕು. ರಿಸರ್ವ್ ಬ್ಯಾಂಕಿನ 2022ರ ನಿಯಮಗಳಲ್ಲಿ ಎರಡು ಅಂಶ ನಮಗೆ ಬಹಳ ಬಳಕೆಗೆ ಬರುತ್ತವೆ. ಮೈಕ್ರೋಫೈನಾನ್ಸ್ ಸಾಲವನ್ನು ಅವಧಿಗೆ ಮುಂಚೆ ತೀರಿಸಿದರೆ ದಂಡ ಹಾಕುವಂತಿಲ್ಲ. ಒಂದು ಕುಟುಂಬ ತಿಂಗಳಿಗೆ ಕಟ್ಟುವ ಎಲ್ಲ ಸಾಲದ ಕಂತು ಸೇರಿ ಅದರ ಆದಾಯದ ಅರ್ಧ ದಾಟುವಂತಿಲ್ಲ. ನಮ್ಮ ಹಾಳೆಯಲ್ಲಿ ಕಂತು ಅರ್ಧ ದಾಟಿದ ಮನೆಗಳಿಗೆ ಕೆಂಪು ಗುರುತು, ಅವರಿಗೇ ಮೊದಲ ಸರದಿ. ತೀರಿಸಿದ ಮೇಲೆ ಬಾಕಿ ಇಲ್ಲವೆಂಬ ಪತ್ರ ತೆಗೆದುಕೊಳ್ಳದೆ ಬರಬಾರದು. 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಬಲವಂತದ ವಸೂಲಿ ತಡೆಯಲು ಸುಗ್ರೀವಾಜ್ಞೆ ತಂದಿತು. 2010ರಲ್ಲಿ ಆಂಧ್ರವೂ ತಂದಿತ್ತು. ಮನೆ ಬಾಗಿಲಿಗೆ ಬಂದು ಕೂಗಾಡುವುದಕ್ಕೆ ಕಾನೂನು ತಡೆ ಹಾಕಬಹುದು. ಅಗ್ಗದ ಸಾಲ ಬೇರೆ ಕಡೆ ಸಿಗದಿದ್ದರೆ ಅದೇ ಹೆಣ್ಣುಮಗಳು ಮರುದಿನ ಇನ್ನೊಂದು ಬಾಗಿಲಿಗೆ ಹೋಗುತ್ತಾಳೆ.

ಅಗ್ಗದ ಸಾಲ ಬರುವುದು ಬ್ಯಾಂಕಿನಿಂದ. ಇಲ್ಲಿ ನಿಯಮ ಬಾಯಿಪಾಠ ಇರಬೇಕು, ರಿಸರ್ವ್ ಬ್ಯಾಂಕಿನ ಸುತ್ತೋಲೆಯ ಪ್ರತಿ ಚೀಲದಲ್ಲಿರಬೇಕು. ಸಂಘಕ್ಕೆ 6 ತಿಂಗಳಾಗಿರಬೇಕು ಎಂಬ ಷರತ್ತನ್ನು ಖಾತೆ ತೆರೆದ ದಿನದಿಂದ ಎಣಿಸುವುದಲ್ಲ, ಪುಸ್ತಕದ ಪ್ರಕಾರ ವ್ಯವಹಾರ ನಡೆದ ದಿನದಿಂದ ಎಣಿಸುವುದು. ಮೊದಲ ಸಾಲ ನಿಧಿಯ 6 ಪಟ್ಟು ಅಥವಾ ಕನಿಷ್ಠ 1.5 ಲಕ್ಷ, ಯಾವುದು ಹೆಚ್ಚೋ ಅದು. ಮೇಲಿನ ಸಂಘದ ನಿಧಿ 29,080. ಆರು ಪಟ್ಟು 1,74,480. ನಿಧಿ ಎಂದರೆ ಬರಿಯ ಉಳಿತಾಯವಲ್ಲ, ಸುತ್ತುನಿಧಿ, ಬಡ್ಡಿ ಎಲ್ಲ ಸೇರುತ್ತದೆ. ಕೆಲವು ಶಾಖೆಗಳಲ್ಲಿ 8,640ಕ್ಕೇ ಲೆಕ್ಕ ಹಾಕಿ ಕೂರುತ್ತಾರೆ. 10 ಲಕ್ಷದವರೆಗೆ ಜಾಮೀನು ಕೇಳುವಂತಿಲ್ಲ, ಸಂಘದ ಉಳಿತಾಯ ಖಾತೆಯನ್ನು ಹಿಡಿದಿಡುವಂತಿಲ್ಲ, ಠೇವಣಿ ಇಡಿ ಎನ್ನುವಂತಿಲ್ಲ. ಉಳಿತಾಯ ಖಾತೆ ತೆರೆಯಲು ಪದಾಧಿಕಾರಿಗಳ ದಾಖಲೆ ಸಾಕು, ಹನ್ನೆರಡೂ ಜನರ ಆಧಾರ್ ಬೇಕಿಲ್ಲ. ‘ಈ ಸದಸ್ಯೆಯ ಗಂಡನ ಬೆಳೆಸಾಲ ಬಾಕಿ ಇದೆ, ಸಂಘಕ್ಕೆ ಸಾಲ ಇಲ್ಲ’ ಎಂಬ ಮಾತು ಅತಿ ಹೆಚ್ಚು ಕೇಳಿಬರುತ್ತದೆ. ಸುತ್ತೋಲೆ ಇದಕ್ಕೂ ಉತ್ತರ ಕೊಟ್ಟಿದೆ: ಸಂಘ ಸ್ವತಃ ಬಾಕಿದಾರನಲ್ಲದಿದ್ದರೆ ಕೆಲವು ಸದಸ್ಯೆಯರ ಅಥವಾ ಅವರ ಮನೆಯವರ ಬಾಕಿ ಸಾಮಾನ್ಯವಾಗಿ ಅಡ್ಡ ಬರಬಾರದು, ಬಾಕಿದಾರ ಸದಸ್ಯೆಗೆ ಮಾತ್ರ ಆ ಹಣ ಕೊಡಬಾರದು. ಮ್ಯಾನೇಜರ್ ಜೊತೆ ಜಗಳಕ್ಕೆ ಹೋಗುವುದಕ್ಕಿಂತ ಆ ಪುಟ ತೆರೆದು ಮುಂದಿಡುವುದು ಬೇಗ ಕೆಲಸ ಮಾಡುತ್ತದೆ.

ಸಾಲ ಬಂದ ದಿನವೇ ಸಂಘಗಳು ಕೆಡುವುದು. ‘ಎಲ್ಲಾರಿಗೂ ಸಮಾ ಹಂಚ್ರಿ, ಮಾತು ಬ್ಯಾಡ.’ 1,74,480ನ್ನು ಹನ್ನೆರಡರಿಂದ ಭಾಗಿಸಿದರೆ ತಲಾ 14,540. ಈ ಮೊತ್ತಕ್ಕೆ 30,000ದ ಕೈಗಡವೂ ತೀರುವುದಿಲ್ಲ, ಬೇಡದವಳ ಕೈಗೂ ದುಡ್ಡು ಬರುತ್ತದೆ. ಬೇಡದವಳು ಅದನ್ನು ಹೊರಗೆ ನೂರಕ್ಕೆ 3ಕ್ಕೆ ಬಿಡುತ್ತಾಳೆ, ಇಲ್ಲವೇ ಸಂಘದ ಪ್ರತಿನಿಧಿಗೆ ದಾಟಿಸುತ್ತಾಳೆ. ಸಮಪಾಲಿನ ಹಿಂದೆ ಇರುವುದು ನ್ಯಾಯವಲ್ಲ, ಯಾರಿಗೂ ‘ಇಲ್ಲ’ ಎನ್ನಲಾಗದ ಸಂಕೋಚ. ಅದಕ್ಕಾಗಿ ಬ್ಯಾಂಕಿಗೆ ಅರ್ಜಿ ಹಾಕುವ ಮುಂಚೆಯೇ ಸರದಿ ಬರೆದು ಎಲ್ಲರ ಸಹಿ, ಹೆಬ್ಬೆಟ್ಟು ಹಾಕಿಸಿಟ್ಟುಕೊಳ್ಳುತ್ತೇವೆ. ನಮ್ಮ ಸಂಘದ ಲೆಕ್ಕದಲ್ಲಿ ಮೂರು ಮನೆಯ ಬದಲಿ ಸಾಲಕ್ಕೆ 90,000, ಉಳಿದ 84,480ರಲ್ಲಿ ಬೀಜ ಗೊಬ್ಬರಕ್ಕೆ ಕೆಲವರಿಗೆ, ಕಸುಬಿಗೆ ಒಬ್ಬಿಬ್ಬರಿಗೆ. ಮಿಕ್ಕವರು ಕಂತು ವಾಪಸು ಬಂದಂತೆ ಎರಡನೇ ಸುತ್ತಿನಲ್ಲಿ. ಬ್ಯಾಂಕಿನ ಬಡ್ಡಿ 3 ಲಕ್ಷದವರೆಗೆ ಶೇ 7, ಸದಸ್ಯೆಗೆ ಶೇ 12. ನಡುವಿನ ಶೇ 5 ಸಂಘದ ನಿಧಿಗೆ ಮತ್ತು ಪುಸ್ತಕ ಬರೆಯುವವಳ ಗೌರವಧನಕ್ಕೆ. ಈ ವ್ಯತ್ಯಾಸ ತೆಗೆದು ‘ಬ್ಯಾಂಕಿನ ದರಕ್ಕೇ ಕೊಡಿ’ ಎಂದು ಒತ್ತಾಯಿಸುವ ಅಧಿಕಾರಿಗಳಿದ್ದಾರೆ. ಆಗ ಪುಸ್ತಕ ಬರೆಯುವವರು ಸಿಗುವುದಿಲ್ಲ.

ಕಂತಿನ ವೇಳೆ ಹೊಲ ನೋಡಿ ಇಡಬೇಕು. ತೊಗರಿ ರಾಶಿ ಡಿಸೆಂಬರ್-ಜನವರಿಯಲ್ಲಿ, ಹತ್ತಿ ಬಿಡಿಸುವುದು ಹಲವು ಸುತ್ತು, ಸಿಂಧನೂರು-ಗಂಗಾವತಿಯ ನೀರಾವರಿಯಲ್ಲಿ ಭತ್ತದ ದುಡ್ಡು ಬೇರೆ ಕಾಲಕ್ಕೆ. ಒಣಬೇಸಾಯದ ಮನೆಗೆ ಆಗಸ್ಟ್‌ನಲ್ಲಿ ದೊಡ್ಡ ಕಂತು ಇಟ್ಟರೆ ಅವಳು ಅದನ್ನು ಮತ್ತೆ ಕೈಗಡ ತಂದೇ ಕಟ್ಟುತ್ತಾಳೆ. ಅಂಥವರಿಗೆ ಮಳೆಗಾಲದಲ್ಲಿ ಬಡ್ಡಿ ಮಾತ್ರ, ರಾಶಿ ಮುಗಿದ ಮೇಲೆ ಅಸಲು. ಸಂಘದ ಬ್ಯಾಂಕ್ ಕಂತಿಗೆ ಆ ತಿಂಗಳುಗಳಲ್ಲಿ ಕೂಲಿಯವರ ವಾರದ ಕಂತು ಆಧಾರವಾಗುತ್ತದೆ. ಎಲ್ಲರೂ ಒಂದೇ ಬೆಳೆಯವರಾದ ಸಂಘ ಇದರಿಂದಲೇ ಮುಗ್ಗರಿಸುತ್ತದೆ.

ಕಸುಬಿನ ಮಾತು ಈಗ. ಆಡು ಸಾಕುವುದಾದರೆ ಎರಡರಿಂದ ನಾಲ್ಕು ಹೆಣ್ಣಾಡಿನಿಂದ ಶುರು, ಹೋತ ಇಪ್ಪತ್ತು ಇಪ್ಪತ್ತೈದು ಆಡಿಗೆ ಒಂದು ಸಾಕು, ಅದನ್ನು ಸಂಘದ ಲೆಕ್ಕದಲ್ಲಿ ತರಬಹುದು. ಗಬ್ಬದ ಅವಧಿ ಸುಮಾರು 150 ದಿನ, ಮರಿ ಮಾರಾಟಕ್ಕೆ ಬರಲು ಇನ್ನೂ ಆರೆಂಟು ತಿಂಗಳು. ಅಂದರೆ ಮೊದಲ ವರ್ಷ ಆಡಿನಿಂದ ಕಂತು ಹುಟ್ಟುವುದಿಲ್ಲ; ಕೂಲಿಯಿಂದ ಕಟ್ಟಬಲ್ಲ ಮನೆಗೆ ಮಾತ್ರ ಆಡಿನ ಸಾಲ. ಯೋಜನೆಗಳಲ್ಲಿ ಆಡು ಸಾಯುವುದು ಹೆಚ್ಚಾಗಿ ಸಂತೆಯಲ್ಲಿ ಒಟ್ಟಿಗೆ ಕೊಂಡು ತಂದದ್ದರಿಂದ. ಹತ್ತೂರಿನ ಪ್ರಾಣಿ ಒಂದೆಡೆ ಸೇರಿ ಪಿಪಿಆರ್ ಎಂಬ ಅಂಟುರೋಗ ಹೊತ್ತು ತರುತ್ತವೆ, ವಾರದೊಳಗೆ ಕೇರಿಯ ಹಳೆ ಆಡುಗಳಿಗೂ ಹರಡುತ್ತದೆ. ಅಕ್ಕಪಕ್ಕದ ಊರಿನ ಮನೆಗಳಿಂದ, ಮರಿ ಸಮೇತ ಕೊಳ್ಳುವುದು ದುಬಾರಿಯಾದರೂ ಒಳ್ಳೆಯದು. ತಂದ ಮೇಲೆ ಎರಡು ಮೂರು ವಾರ ಬೇರೆ ಕಟ್ಟಬೇಕು. ಪಿಪಿಆರ್ ಲಸಿಕೆ, ಮಳೆಗೆ ಮುಂಚೆ ಕರುಳು ಬೇನೆ ಲಸಿಕೆ, ಜಂತಿನ ಔಷಧಿ ಈ ಮೂರನ್ನು ಜಾನುವಾರು ಆರೈಕೆಯ ತರಬೇತಿ ಪಡೆದ ಪಶುಸಖಿಯ ಕೈಯಲ್ಲಿ ದಿನ ನಿಗದಿ ಮಾಡಿ ಕೊಡಿಸಬೇಕು. ಮಳೆಗಾಲದಲ್ಲಿ ಹಸಿ ನೆಲದ ಮೇಲೆ ಮಲಗಿದ ಮರಿಗಳು ಕೆಮ್ಮಿ ಸಾಯುತ್ತವೆ. ನೆಲದಿಂದ ಎತ್ತರದ ಬಿದಿರಿನ ಅಟ್ಟ ಸಾಕು, ಸಿಮೆಂಟಿನ ಕೊಟ್ಟಿಗೆ ಬೇಕಿಲ್ಲ. ವಿಮೆ ಮಾಡಿಸಿದ್ದರೆ ಸತ್ತ ಪ್ರಾಣಿಯ ಕಿವಿ ಓಲೆ ಕಳೆಯಬಾರದು, ಅದಿಲ್ಲದೆ ಪರಿಹಾರ ಸಿಗುವುದಿಲ್ಲ.

ಜೋಳದ ರೊಟ್ಟಿ ಮಾಡಿ ಮಾರುವವರಿಗೆ ಒಂದೇ ಕಿವಿಮಾತು: ಲೆಕ್ಕದಲ್ಲಿ ಸ್ವಂತ ಕೂಲಿ ಮತ್ತು ಕಟ್ಟಿಗೆ ಅಥವಾ ಗ್ಯಾಸು ಬರೆಯಿರಿ. ಬರೆಯದೆ ಲಾಭ ಎಂದುಕೊಂಡವರ ಕೈಗೆ ದಿನಕ್ಕೆ ಹೊಲದ ಕೂಲಿಯಷ್ಟೂ ಬಿದ್ದಿರುವುದಿಲ್ಲ. ಖಡಕ್ ರೊಟ್ಟಿ ಬಿಸಿಯಿದ್ದಾಗ ಪ್ಯಾಕೆಟ್ಟಿಗೆ ಹಾಕಿದರೆ ಒಳಗೇ ಬೆವರಿ ಮೆತ್ತಗಾಗುತ್ತದೆ, ಮಳೆಗಾಲದಲ್ಲಿ ಬೂಸು ಬರುತ್ತದೆ.

ಸಾಲ ತೀರಿದ ಮನೆಯನ್ನು ಮತ್ತೆ ಸಾಲಕ್ಕೆ ತಳ್ಳುವುದು ಬಹುತೇಕ ಸಾವು ಮತ್ತು ಆಸ್ಪತ್ರೆ. ಹಾಗಾಗಿ ಮೇ ತಿಂಗಳ ಕೊನೆಯ ವಾರಕ್ಕೆ ಮುಂಚಿನ ಸಭೆಯಲ್ಲಿ ಒಂದೇ ಕಾರ್ಯಸೂಚಿ: ಪ್ರತಿ ಸದಸ್ಯೆಯ ಮತ್ತು ಗಂಡನ ಖಾತೆಯಲ್ಲಿ ತಲಾ 500 ರೂಪಾಯಿ ಇದೆಯೇ? ವರ್ಷಕ್ಕೆ ಜೀವನ್ ಜ್ಯೋತಿ ಜೀವವಿಮೆಗೆ 436, ಸುರಕ್ಷಾ ಅಪಘಾತ ವಿಮೆಗೆ 20, ಎರಡೂ ಆಗ ತಾನಾಗಿ ಕಡಿತವಾಗುತ್ತವೆ. ಖಾತೆ ಖಾಲಿ ಇದ್ದರೆ ವಿಮೆ ಸದ್ದಿಲ್ಲದೆ ನಿಲ್ಲುತ್ತದೆ, ಗೊತ್ತಾಗುವುದು ಸಾವಾದ ಮೇಲೆ. ಜ್ಯೋತಿಗೆ ಸೇರುವ ವಯಸ್ಸು 18ರಿಂದ 50, ಸುರಕ್ಷಾಕ್ಕೆ 70ರವರೆಗೆ. ಎರಡರ ಮೊತ್ತವೂ 2 ಲಕ್ಷ. ಪಿಂಚಣಿ, ಪಡಿತರ, ಮನೆ ಇಲ್ಲದವರ ಪಟ್ಟಿಯನ್ನು ಸಂಘಗಳ ಒಕ್ಕೂಟದ ಮೂಲಕ ಅಕ್ಟೋಬರ್‌ನಿಂದ ಶುರುವಾಗುವ ಪಂಚಾಯಿತಿ ಯೋಜನೆಯ ಗ್ರಾಮಸಭೆಗೆ ಬರಹದಲ್ಲಿ ಕೊಟ್ಟು ಸ್ವೀಕೃತಿ ಪಡೆಯಬೇಕು. ಬಾಯಲ್ಲಿ ಹೇಳಿದ್ದು ನಡಾವಳಿಗೆ ಬರುವುದಿಲ್ಲ.

ಕೊನೆಗೆ, ಗುಳೆ ಹೋಗುವ ಸದಸ್ಯೆಯರ ವಿಷಯ. ಅವರನ್ನು ಕೈಬಿಟ್ಟರೆ ಸಂಘದಲ್ಲಿ ಉಳಿಯುವುದು ಅನುಕೂಲಸ್ಥರು. ಹೊರಡುವ ಮುಂಚಿನ ಸಭೆಯಲ್ಲಿ ಅವರ ಪಾಸ್‌ಬುಕ್ಕಿಗೆ ಅಂದಿನ ಬಾಕಿ ಬರೆದು ಸಹಿ ಹಾಕಿಸುತ್ತೇವೆ, ಯಾವ ತಿಂಗಳು ಮರಳುತ್ತಾರೆ ಎಂಬುದನ್ನು ನಡಾವಳಿಯಲ್ಲಿ ಗುರುತಿಸುತ್ತೇವೆ. ಊರಲ್ಲಿಲ್ಲದ ತಿಂಗಳುಗಳಿಗೆ ಗೈರುಹಾಜರಿಯ ದಂಡ ಇಲ್ಲ. ಉಳಿತಾಯವನ್ನು ಫೋನಿನಿಂದ ನೇರ ಸಂಘದ ಖಾತೆಗೆ ಹಾಕಬೇಕು, ಪ್ರತಿನಿಧಿಯ ಸ್ವಂತ ನಂಬರಿಗಲ್ಲ. ಬೆಂಗಳೂರಿನಿಂದ ಪ್ರತಿನಿಧಿಯ ಫೋನಿಗೆ ಬಂದ ದುಡ್ಡು ಪುಸ್ತಕ ಸೇರುವ ತನಕ ಯಾರದು ಎಂಬುದಕ್ಕೆ ಸಾಕ್ಷಿ ಇರುವುದಿಲ್ಲ. ಮೇಸ್ತ್ರಿ ಮುಂಗಡ ಕೊಡಲು ಬರುವುದು ದಸರೆ ದೀಪಾವಳಿಯ ಹೊತ್ತಿಗೆ. ಅದಕ್ಕೂ ಎರಡು ವಾರ ಮೊದಲು ಇಂಥ ಮನೆಗಳಿಗೆ ಒಳಸಾಲದಲ್ಲಿ 5,000ದಿಂದ 10,000 ಎತ್ತಿಟ್ಟಿರುತ್ತೇವೆ. ಆ ದುಡ್ಡು ಕೈಯಲ್ಲಿದ್ದರೆ ಅವರು ಮುಂಗಡ ಮುಟ್ಟದೆ ಹೋಗಿ, ದಿನದ ಕೂಲಿಯನ್ನು ವಾರವಾರ ಎಣಿಸಿಕೊಳ್ಳುತ್ತಾರೆ, ಮಕ್ಕಳನ್ನು ಅಜ್ಜಿಯ ಬಳಿ ಬಿಟ್ಟು ಹೋಗುತ್ತಾರೆ.